ಲೆಕ್ಕ ಕೇಳಿದ ದನಿ

ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಇಪ್ಪತ್ತೆರಡು ಶತಮಾನಗಳಿಗೂ ಹಿಂದಿನ ಅಶೋಕನ ಶಿಲಾಶಾಸನವಿದೆ. ಹೆತ್ತವರ ಮಾತನ್ನು ಪಾಲಿಸಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬುದು ಇಸಿಲದ ಅಧಿಕಾರಿಗಳಿಗೆ ಅವನು ಕಳುಹಿಸಿದ ಆದೇಶದ ಸಾರ. ಅಲ್ಲಿ ಅರಸನು ಹೇಳುತ್ತಾನೆ, ಪ್ರಜೆಯು ಕೇಳುತ್ತಾನೆ. ಆಳುವವರಿಂದಲೂ ಸತ್ಯವನ್ನು ಕೇಳಿ ಪಡೆಯುವ ಹಕ್ಕು ನಮಗೆ ದೊರೆತದ್ದು ಪ್ರಜಾಪ್ರಭುತ್ವದಲ್ಲಿ. ಸಂಸತ್ತಿನಲ್ಲಿ ಆ ಹಕ್ಕಿನ ದನಿಯೇ ವಿರೋಧ ಪಕ್ಷ.

1951ರಲ್ಲಿ ಮಲೆನಾಡಿನ ಕಾಗೋಡು ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದ ರಾಮಮನೋಹರ ಲೋಹಿಯಾ, 1963ರಲ್ಲಿ ಲೋಕಸಭೆಯನ್ನು ಪ್ರವೇಶಿಸಿದರು. ಅದೇ ಆಗಸ್ಟ್‌ನಲ್ಲಿ ನೆಹರೂ ಸರಕಾರದ ವಿರುದ್ಧದ ಅವಿಶ್ವಾಸ ನಿರ್ಣಯದ ಚರ್ಚೆಯಲ್ಲಿ, ದೇಶದ 27 ಕೋಟಿ ಜನರು ದಿನಕ್ಕೆ 3 ಆಣೆಯಲ್ಲಿ ಬದುಕುತ್ತಿದ್ದಾರೆಂದು ಅವರು ಸರಕಾರದ ಯೋಜನೆಗಳನ್ನೇ ಪ್ರಶ್ನಿಸಿದರು. ಸರಕಾರವು 15 ಆಣೆಯ ಲೆಕ್ಕವನ್ನು ಮುಂದಿಟ್ಟಿತು. ಅದು ಸಿರಿವಂತರನ್ನೂ ಸೇರಿಸಿದ ಸರಾಸರಿ; ಲೋಹಿಯಾ ಕೇಳಿದ್ದು ಬಡವನ ಪಾಲನ್ನು.

ನಿರ್ಣಯವು ಬಿದ್ದುಹೋಯಿತು, ಪ್ರಶ್ನೆ ಉಳಿಯಿತು. ಸರಾಸರಿಯ ಮರೆಯಲ್ಲಿದ್ದ ಬಡವನು ಸದನದ ನಡುವೆ ಬಂದು ನಿಂತನು. ಮತಗಳ ಎಣಿಕೆಯಲ್ಲಿ ಸೋತವರ ಮಾತೂ ಸತ್ಯದ ಸೇವೆ ಮಾಡಬಲ್ಲದು. ಅದನ್ನು ದ್ರೋಹವೆಂದು ಜರೆಯುವವರಿದ್ದರೆ ಅವರೊಡನೆ ದನಿಗೂಡಿಸದಿರುವುದು, ಆ ಪ್ರಶ್ನೆಗೆ ಉತ್ತರವನ್ನು ಬಯಸುವುದು ನಾಗರಿಕರಾದ ನಮ್ಮ ಹೊಣೆ.