ಹಳೆಯ ತಂಬೂರಿಯ ಬೆಲೆ ಎಲ್ಲಿದೆ? ಹಾನಗಲ್ಲ ಸೀಮೆಯ ಹಿನ್ನೆಲೆಯಲ್ಲಿ ಕೊಳ್ಳುವ ಮತ್ತು ದುರಸ್ತಿಯ ವಿಚಾರ

ಹಾನಗಲ್ಲ ತಾಲೂಕಿನ ಆಡೂರನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲದ್ದು ಅದರ ಶಾಸನದಿಂದ. ಬಾದಾಮಿ ಚಾಲುಕ್ಯ ಕೀರ್ತಿವರ್ಮನ ಹೆಸರಿರುವ ಆ ಬರಹವನ್ನು ಜೆ.ಎಫ್. ಫ್ಲೀಟ್ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟಿಸಿದ. ಮಾಸಿದ ಅಕ್ಷರಗಳ ಮೇಲೆ ಯಾರಾದರೂ ಉಳಿ ಹಿಡಿದು ತಿದ್ದಲು ಹೊರಟರೆ ಊರೇ ತಡೆದೀತು. ಅದೇ ಊರಿನ ಯಾವುದೋ ಮನೆಯಲ್ಲಿ ಹಿಸ್ಸೆಯಾಗುವಾಗ ಅಟ್ಟದಿಂದ ಇಳಿದ ತಂಬೂರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅದರ ತಂತಿ ಹಾಯುವ ಕುದುರೆಯನ್ನು ಉಜ್ಜದೆ, ತಂತಿ ಬದಲಿಸದೆ, ಬಿರಡೆ ಬಿಗಿ ಮಾಡದೆ ಇಟ್ಟರೆ ಅದು ನುಡಿಯುವುದೇ ಇಲ್ಲ. ಶಾಸನ ಸುಮ್ಮನಿದ್ದೂ ಹೇಳುತ್ತದೆ, ತಂಬೂರಿಯನ್ನು ಮೀಟಲೇಬೇಕು. ಹಳೆಯ ವಾದ್ಯವನ್ನು ಕೊಳ್ಳುವ ಚರ್ಚೆ ಸಾಮಾನ್ಯವಾಗಿ 'ಮೂಲದ್ದು ಎಷ್ಟು ಉಳಿದಿದೆ' ಎಂಬಲ್ಲಿಂದ ಶುರುವಾಗುತ್ತದೆ. ತಂಬೂರಿಯ ಮಟ್ಟಿಗೆ ಆ ಪ್ರಶ್ನೆ ಎರಡನೆಯದು, ಮೊದಲು ನೋಡಬೇಕಾದ್ದು ಬುರುಡೆಯನ್ನು ಮತ್ತು ಹಾಡುವವರ ಕಂಠವನ್ನು ಎಂಬುದು ಈ ಲೇಖನದ ವಾದ.

ಈ ಸೀಮೆಯಲ್ಲಿ ತಂಬೂರಿ ಸಿಗುವುದು ಆಕಸ್ಮಿಕವಲ್ಲ. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ ಕಾಡಶೆಟ್ಟಿಹಳ್ಳಿ ಹಾನಗಲ್ಲ ತಾಲೂಕಿನದು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 1914ರಲ್ಲಿ ಹುಟ್ಟಿದ ದೇವಗಿರಿಯೂ ಇದೇ ಆಸುಪಾಸಿನದು. ಪಂಚಾಕ್ಷರಿಯವರಂಥ ಕಣ್ಣಿಲ್ಲದ ಹುಡುಗರ ಕಂಠವನ್ನು ಗುರುತಿಸಿ ಸಂಗೀತದ ದಾರಿಗೆ ಹಚ್ಚಿದವರು ಹಾನಗಲ್ಲ ಕುಮಾರ ಸ್ವಾಮಿಗಳು. ಈ ಗವಾಯಿಗಳ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು ಹಳ್ಳಿಹಳ್ಳಿಗೆ ಹೋಗಿ ಪಾಠ ಹೇಳಿದರು, ಪುರಾಣ–ಕೀರ್ತನೆಗಳಿಗೆ ಹಾಡಿದರು, ನಾಟಕ ಕಂಪನಿಗಳಲ್ಲಿ ದುಡಿದರು. ಇತ್ತ ಕುಂದಗೋಳದಲ್ಲಿ ಗಾಯಕ ಸವಾಯಿ ಗಂಧರ್ವರು. ಅವರ ಗುರು ಅಬ್ದುಲ್ ಕರೀಂ ಖಾನರು ಮಿರಜದಲ್ಲಿ. ಮಿರಜಕ್ಕೂ ಹುಬ್ಬಳ್ಳಿಗೂ ರೈಲಿತ್ತು. ಹಾಡುವವರು ಓಡಾಡಿದ ದಾರಿಯಲ್ಲೇ ತಂಬೂರಿಗಳೂ ಬಂದವು.

ಮಿರಜದಲ್ಲಿ ಈ ಕಸುಬನ್ನು ಕಟ್ಟಿದವರು ಶಿಕಲಗಾರರು. ಕತ್ತಿ–ಕಠಾರಿಗಳಿಗೆ ಸಾಣೆ ಹಿಡಿಯುತ್ತಿದ್ದ ಮನೆತನಗಳು, ಆಯುಧಗಳಿಗೆ ಕೇಳುವವರಿಲ್ಲದಂತಾದ ಹತ್ತೊಂಬತ್ತನೆಯ ಶತಮಾನದಲ್ಲಿ ತಂತಿವಾದ್ಯಕ್ಕೆ ಹೊರಳಿದವು. ಫರೀದಸಾಹೇಬರ ಹೆಸರು ಆ ಪರಂಪರೆಯ ಮೊದಲಲ್ಲಿ ನಿಲ್ಲುತ್ತದೆ. ಮಿರಜದ ಸಿತಾರ್ ಮತ್ತು ತಾನಪುರಾಗಳಿಗೆ 2024ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಬಂದಿತು. ಬುರುಡೆ ಪಂಢರಪುರದ ಕಡೆಯ ಭೀಮಾ ತೀರದ ಹೊಲಗಳದು. ದಂಡಿಗೆ ಮತ್ತು ಬುರುಡೆಯ ಬಾಯಿ ಮುಚ್ಚುವ ತಬಲಿಗೆ ತೂಣ್ ಮರ. ಈ ಮರ ದುಬಾರಿಯದಲ್ಲ. ದುರ್ಲಭವಾದದ್ದು ಬುರುಡೆ: ದೊಡ್ಡದಾಗಿ, ದುಂಡಗೆ, ಗೋಡೆ ದಪ್ಪಗೆ ಬೆಳೆದ ಸೋರೆ. ಅದನ್ನು ಅಳತೆಗೆ ಕೊರೆದು ಮಾಡಲು ಬರುವುದಿಲ್ಲ, ಹೊಲದಲ್ಲಿ ಬೆಳೆದು ಬರಬೇಕು.

ಗಿಟಾರಿನ ಲೋಕದಲ್ಲಿ ಲೆಕ್ಕ ತಿರುವುಮುರುವು. ಅಮೆರಿಕದ ಮಾರ್ಟಿನ್ ಕಂಪನಿಯ ಗಿಟಾರುಗಳಿಗೆ 1898ರಿಂದ ಕ್ರಮಸಂಖ್ಯೆಯಿದೆ. ಸಂಖ್ಯೆ ಓದಿದರೆ ಹುಟ್ಟಿದ ವರ್ಷ ಸಿಗುತ್ತದೆ. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತಿಗೆ ಕಡಿವಾಣ ಹಾಕಿದಾಗ ಅದೇ ಕಂಪನಿ 1969ರಲ್ಲಿ ಭಾರತದ ಬೀಟೆಗೆ, ಅಂದರೆ ನಮ್ಮ ಪಶ್ಚಿಮ ಘಟ್ಟದ ಮರಕ್ಕೆ, ಬದಲಾಯಿಸಿತು. ಮುಂದೆ 1992ರಲ್ಲಿ ಬ್ರೆಜಿಲ್ ಮರದ ಅಂತಾರಾಷ್ಟ್ರೀಯ ವ್ಯಾಪಾರಕ್ಕೇ ನಿರ್ಬಂಧ ಬಿತ್ತು. ಹಾಗಾಗಿ 1969ರ ಹಿಂದಿನ ಗಿಟಾರಿಗೊಂದು ಬೆಲೆ, ಮುಂದಿನದಕ್ಕೊಂದು ಬೆಲೆ. (ಘಟ್ಟದ ಬೀಟೆ ಅಲ್ಲಿ 'ಎರಡನೆಯ ದರ್ಜೆ' ಎನಿಸಿಕೊಂಡದ್ದನ್ನು ಕೇಳಿದರೆ ನಮ್ಮ ಬಡಗಿಗಳು ನಕ್ಕಾರು.) ಹಳೆಯ ಪಾಲಿಶ್ ಕೆರೆದು ಹೊಸದು ಬಳಿದರೆ ಸಂಗ್ರಾಹಕರು ದೂರ ಸರಿಯುತ್ತಾರೆ. ತಂಬೂರಿಗೆ ಇಂಥ ಕ್ರಮಸಂಖ್ಯೆಯಿಲ್ಲ. ಕಾಲ ಹೇಳಲು ಅಂಚಿನ ಅಲಂಕಾರ, ಬಿರಡೆಯ ಕಡೆತ, ಪಾಲಿಶಿನ ಬಗೆ ಇವನ್ನೇ ನೋಡಬೇಕು. ಅವುಗಳಲ್ಲಿ ಯಾವುದಾದರೂ ದುರಸ್ತಿಯಲ್ಲಿ ಬದಲಾಗಿರಬಹುದು. ಅಂಚಿನ ಬಿಳಿ ಪಟ್ಟಿ ಸೆಲ್ಯುಲಾಯ್ಡ್ ಆಗಿದ್ದರೆ, ಆ ಪಟ್ಟಿಯಾದರೂ ಹತ್ತೊಂಬತ್ತನೆಯ ಶತಮಾನದ ಕೊನೆಗಿಂತ ಹಿಂದಿನದಲ್ಲ ಎಂದು ಮಾತ್ರ ಹೇಳಬಹುದು. ಮಾರುವವರು ಹೇಳುವ 'ನೂರೈವತ್ತು ವರ್ಷದ್ದು' ಎಂಬ ಮಾತಿಗೆ ದುಡ್ಡು ಕೊಡಬೇಕಾಗಿಲ್ಲ.

ಪರೀಕ್ಷೆ ಬುರುಡೆಯಿಂದ ಆರಂಭವಾಗಬೇಕು. ಹಾನಗಲ್ಲ ಸೀಮೆ ಅರೆಮಲೆನಾಡು. ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಬೇಸಿಗೆಯಲ್ಲಿ ಬಾಗಿಲ ಚೌಕಟ್ಟು ಬಿರಿಯುತ್ತದೆ. ವಾದ್ಯಕ್ಕೂ ಅದೇ ಪಾಡು. ತಂತಿ ಸಡಿಲಿಸಿ, ಬೆರಳ ಗೆಣ್ಣಿನಿಂದ ಬುರುಡೆಯ ಸುತ್ತ ಮೆಲ್ಲಗೆ ತಟ್ಟುತ್ತ ಬಂದರೆ ಗಟ್ಟಿ ಜಾಗ ಟಣ್ಣೆನ್ನುತ್ತದೆ, ಹುಳು ಹೊಕ್ಕ ಜಾಗ ಮಂಕಾಗಿ ಬೊದ್ದೆನ್ನುತ್ತದೆ. ವಾದ್ಯವನ್ನು ಕಪ್ಪು ಕಾಗದದ ಮೇಲೆ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ನೋಡಬೇಕು. ತಿಳಿಹಳದಿ ಹಿಟ್ಟು ಉದುರಿದ್ದರೆ ಹುಳು ಇನ್ನೂ ಬದುಕಿದೆ. ರಂಧ್ರಗಳಿದ್ದೂ ಹಿಟ್ಟಿಲ್ಲದಿದ್ದರೆ ಅದು ಬಹುಮಟ್ಟಿಗೆ ಹಳೆಯ ಕತೆ. ಬುರುಡೆಯ ಬಿರುಕನ್ನು ತಬಲಿ ಎತ್ತಿ, ಒಳಗಿಂದ ಬಟ್ಟೆ ಮತ್ತು ಮರವಜ್ರ ಹಚ್ಚಿ ಕೂಡಿಸಬಹುದು. ಗೋಡೆಯೇ ಹಪ್ಪಳದಂತೆ ತೆಳುವಾಗಿ ಪುಡಿಯಾಗುತ್ತಿದ್ದರೆ ಬುರುಡೆ ಬದಲಿಸಬೇಕು. ಬುರುಡೆ ಬದಲಾದ ಮೇಲೆ ಉಳಿಯುವುದು ಹೊಸ ತಂಬೂರಿ, ಹಳೆಯ ದಂಡಿಯೊಂದಿಗೆ. ಅಂಥದ್ದನ್ನು ನಾನು ಕೊಳ್ಳೆನ್ನುವುದಿಲ್ಲ.

ದಂಡಿ ಕೊಂಚ ಬಾಗಿದ್ದರೆ ಗಾಬರಿ ಬೇಡ. ಗಿಟಾರಿನಲ್ಲಿ ಮೆಟ್ಟಿಲುಗಳ ಮೇಲೆ ಬೆರಳೊತ್ತಿ ನುಡಿಸಬೇಕಾದ್ದರಿಂದ ಕತ್ತು ತುಸು ಬಾಗಿದರೂ ಶ್ರುತಿ ಕೆಡುತ್ತದೆ. ಕೀಲನ್ನು ಹಬೆಯಿಂದ ಬಿಚ್ಚಿ ಮತ್ತೆ ಕೂಡಿಸುವ ಖರ್ಚಿನ ಕೆಲಸ ಅನಿವಾರ್ಯವಾಗುತ್ತದೆ. ತಂಬೂರಿಯಲ್ಲಿ ನುಡಿಯುವುದು ಬರಿ ತಂತಿ. ಹಾಗಾಗಿ ಅದೇ ದೋಷ ಇಲ್ಲಿ ಕ್ಷಮ್ಯ. ದಂಡಿಯೂ ಬುರುಡೆಯೂ ಕೂಡುವ ಕೀಲು ಬಾಯಿಬಿಟ್ಟಿದ್ದರೆ, ಅಥವಾ ಕುದುರೆಯ ಕೆಳಗೆ ತಬಲಿ ಕುಸಿದಿದ್ದರೆ ಮಾತು ಬೇರೆ. ಕೀಲನ್ನು ಮತ್ತೆ ಅಂಟಿಸಬಹುದು. ತಬಲಿ ಹೋದರೆ ನಾದ ಹೋದಂತೆ.

ಇನ್ನು ಕುದುರೆ. 1921ರಲ್ಲಿ ಸಿ.ವಿ. ರಾಮನ್ ವೀಣೆ–ತಂಬೂರಿಗಳ ಕುರಿತು ಬರೆದ ಪ್ರಬಂಧದಲ್ಲಿ ಗುರುತಿಸಿದ್ದು ಇದನ್ನೇ: ಮೀಟಿದ ಬಿಂದುವಿನಲ್ಲಿ ನಿಶ್ಚಲವಾಗಿರುವ ಉಪಸ್ವರಗಳು ನಿಯಮದ ಪ್ರಕಾರ ಕೇಳಿಸಬಾರದು, ಆದರೆ ತಂಬೂರಿಯ ಅಗಲ ಕುದುರೆಯ ಮೇಲೆ ಅವೂ ಕೇಳಿಸುತ್ತವೆ. ತಂತಿ ಕುದುರೆಯ ಇಳಿಜಾರನ್ನು ಸವರುತ್ತ ಕಂಪಿಸುವುದೇ ಕಾರಣ. ಆ ಇಳಿಜಾರಿನ ಹದವೇ ಜವಾರಿ. ತಂತಿಯ ಕೆಳಗೆ ಸರಿಸುವ ನೂಲು ಅದನ್ನು ನುಡಿಸುತ್ತದೆ. ತಿಂಗಳುಗಟ್ಟಲೆ ನುಡಿಸಿದರೆ ತಂತಿ ಕುದುರೆಯಲ್ಲಿ ಕೂದಲೆಳೆಯ ಗೀರು ಕೊರೆಯುತ್ತದೆ, ಝೇಂಕಾರ ಕಟ್ಟಿಕೊಳ್ಳುತ್ತದೆ, ಮತ್ತೆ ಅರ ಹಾಕಬೇಕಾಗುತ್ತದೆ. ಎಂದರೆ ಸವೆಯುವುದಕ್ಕೆಂದೇ ಇರುವ ಅಂಗವಿದು. ಅಬ್ದುಲ್ ಕರೀಂ ಖಾನರು ತಮ್ಮ ವಾದ್ಯಗಳ ದುರಸ್ತಿಯನ್ನು ತಾವೇ ಮಾಡಿಕೊಳ್ಳುತ್ತಿದ್ದರೆಂದು ಪ್ರಸಿದ್ಧಿ. ಹಾಡುವವರಿಗೂ ಅರದ ಕೆಲಸ ಹೊರಗಿನದಾಗಿರಲಿಲ್ಲ. 'ಮೂಲ ಕುದುರೆ, ಕೈ ಹಚ್ಚಿಲ್ಲ' ಎಂದು ಮಾರುವವರು ಹೆಮ್ಮೆಪಟ್ಟರೆ ಅದರ ಅರ್ಥ ಇಷ್ಟೇ: ಬಹುಕಾಲದಿಂದ ಅದನ್ನು ಯಾರೂ ನುಡಿಸಿಲ್ಲ.

ಹಳೆಯ ಕುದುರೆಗಳಲ್ಲಿ ಜಿಂಕೆ ಕೊಂಬು, ಅಲಂಕಾರದಲ್ಲಿ ಆನೆದಂತ ಇರುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತವನ್ನು ಮಾರುವುದೂ ಕೊಳ್ಳುವುದೂ ಅಪರಾಧ; ಇಂಥ ವಾದ್ಯದ ವ್ಯವಹಾರಕ್ಕೆ ಮುನ್ನ ಅರಣ್ಯ ಇಲಾಖೆಯನ್ನು ವಿಚಾರಿಸಲೇಬೇಕು. ಅದೇ ವರ್ಷದ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ವಿದೇಶದ ಮಗನಿಗೆ ಅಜ್ಜನ ತಂಬೂರಿ ಕಳಿಸುವ ಆಸೆಯಿರುವವರು ಇದನ್ನು ಮೊದಲೇ ತಿಳಿದಿರಬೇಕು.

ಇಷ್ಟೆಲ್ಲ ಪಾರಾದ ಮೇಲೆ ಕಂಠದ ಮಾತು. ಗಂಡು ತಂಬೂರಿ ಕಾಳಿ ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯ) ಆಸುಪಾಸಿಗೆ ಹದವಾದದ್ದು, ಹೆಣ್ಣು ತಂಬೂರಿ ಗಾತ್ರದಲ್ಲಿ ಕಿರಿದು, ಶ್ರುತಿಯಲ್ಲಿ ಮೇಲು. ಕಾಳಿ ಒಂದರ ವಾದ್ಯವನ್ನು ಕಾಳಿ ಐದಕ್ಕೆ ಎಳೆದರೆ ತಂತಿ ಹರಿಯುತ್ತದೆ, ಇಲ್ಲವೆ ತಬಲಿ ಕೂರುತ್ತದೆ. ಮನೆಯಲ್ಲಿ ಹಾಡುವವಳು ಹುಡುಗಿಯಾಗಿದ್ದು, ಸಿಕ್ಕದ್ದು ದೊಡ್ಡ ಗಂಡು ತಂಬೂರಿಯಾಗಿದ್ದರೆ, ಎಷ್ಟೇ ಚೆಂದದ್ದಿರಲಿ, ಬಿಟ್ಟುಬಿಡುವುದು ಲೇಸು. ಎಲೆಕ್ಟ್ರಾನಿಕ್ ತಂಬೂರಿ ಬಂದ ಮೇಲೆ ಅನೇಕ ವಾದ್ಯಗಳು ಮೂಲೆ ಸೇರಿವೆ. ಕೊಳ್ಳುವವರಿಗೆ ಆಯ್ಕೆ ಇದೆ, ಅವಸರ ಬೇಕಿಲ್ಲ.

ಈ ವಾದಕ್ಕೆ ಒಂದು ಅಪವಾದವನ್ನು ಒಪ್ಪಲೇಬೇಕು. ಹಾನಗಲ್ಲ ಎಂಬ ಊರ ಹೆಸರನ್ನು ಜಗತ್ತಿಗೆ ಒಯ್ದ ಗಂಗೂಬಾಯಿ (1913–2009) ಅವರಂಥ ಗಾಯಕರ ಕೈಯ ತಂಬೂರಿ ಸಿಕ್ಕಿತು ಎನ್ನಿ. ಅದರ ಕುದುರೆಯ ಇಳಿಜಾರು ಅವರ ಕಿವಿ ಒಪ್ಪಿದ ನಾದದ ದಾಖಲೆ. ಅರ ಹಾಕಿದರೆ ಅಳಿಸಿದಂತೆ. ಅಲ್ಲಿ ತಂಬೂರಿ ಆಡೂರಿನ ಕಲ್ಲಿನ ಸಾಲಿಗೆ ಸೇರುತ್ತದೆ. ಆದರೆ ಅಲ್ಲಿಯೂ ನುಡಿಸುವುದಕ್ಕೆ ದಾರಿಯಿದೆ. ಹಳೆಯ ಕುದುರೆಯನ್ನು ಬಿಡಿಸಿ, ಅದರ ಜಾಗವನ್ನು ಅಳತೆ ಮಾಡಿ, ಚಿತ್ರ ತೆಗೆದು, ಚೀಟಿ ಕಟ್ಟಿ ಎತ್ತಿಡಬೇಕು. ಅದೇ ಅಳತೆಯ ಹೊಸ ಕುದುರೆಯನ್ನು ಮಿರಜದ ಕಸುಬಿಯಿಂದ ಮಾಡಿಸಿ ಕೂರಿಸಬೇಕು, ಅಂಟಿಗೆ ಮರವಜ್ರವನ್ನೇ ಬಳಸಬೇಕು. ಬೇಕೆಂದಾಗ ಬಿಸಿನೀರಿಗೆ ಅದು ಬಿಡುತ್ತದೆ, ಎಪಾಕ್ಸಿ ಬಿಡುವುದಿಲ್ಲ.