ವಿಹಾರ ನೌಕಾಯಾನ

ವಿಹಾರ ನೌಕಾಯಾನ ಅಥವಾ ಕ್ರೂಸ್ ಪ್ರವಾಸ ಎಂಬುದು ಹಡಗಿನ ವಾಸವನ್ನೂ ದಾರಿಯಲ್ಲಿ ಸಿಗುವ ಬಂದರುಗಳ ವೀಕ್ಷಣೆಯನ್ನೂ ಉದ್ದೇಶವಾಗಿ ಇಟ್ಟುಕೊಂಡು ಕೈಗೊಳ್ಳುವ ಜಲಪ್ರವಾಸ. ಸಾರಿಗೆ, ವಸತಿ, ಊಟ ಮತ್ತು ಮನರಂಜನೆ ಒಂದೇ ದರದಲ್ಲಿ ಸೇರಿರುವುದು ಇದರ ಲಕ್ಷಣ. ಇಂತಹ ಪ್ರವಾಸಗಳು ಸಾಮಾನ್ಯವಾಗಿ 2 ರಾತ್ರಿಗಳಿಂದ 2 ವಾರಗಳವರೆಗೆ ಇರುತ್ತವೆ. ಭೂಪ್ರದಕ್ಷಿಣೆಯ ಯಾನಗಳು ಮೂರು ನಾಲ್ಕು ತಿಂಗಳು ಸಾಗುವುದೂ ಉಂಟು. ಹಡಗಿನ ಕ್ಯಾಬಿನ್‌ಗಳೂ ಅವುಗಳ ದರಗಳೂ ಇಬ್ಬರು ಒಟ್ಟಿಗೆ ತಂಗುವರೆಂಬ ಲೆಕ್ಕದ ಮೇಲೆ ರೂಪುಗೊಂಡಿವೆ. ಆದ್ದರಿಂದ ದಂಪತಿಗಳಿಗೆ ಇದು ಅನುಕೂಲಕರವಾದ ಪ್ರವಾಸವೆನಿಸಿದೆ. ಆದರೆ ಜಾಹೀರಾತಿನಲ್ಲಿ ಕಾಣುವ ಮೊತ್ತವು ಒಬ್ಬರ ಪಾಲಿನದು. ಅದೂ ಪೂರ್ಣ ವೆಚ್ಚದ ಒಂದು ಭಾಗ ಮಾತ್ರ. ಹಣ, ಸುರಕ್ಷತೆ ಮತ್ತು ಕಾನೂನಿನ ಹಕ್ಕುಗಳಿಗೆ ಸಂಬಂಧಿಸಿದ ಹೆಚ್ಚಿನ ಸಂಗತಿಗಳು ಟಿಕೆಟ್ ಕಾಯ್ದಿರಿಸುವ ಹಂತದಲ್ಲಿಯೇ ನಿರ್ಧಾರವಾಗುತ್ತವೆ.

## ಇತಿಹಾಸ

19ನೆಯ ಶತಮಾನದಲ್ಲಿ ಅಂಚೆ ಮತ್ತು ಪ್ರಯಾಣಿಕರನ್ನು ಒಯ್ಯುತ್ತಿದ್ದ ಉಗಿಹಡಗು ಸಂಸ್ಥೆಗಳೇ ವಿಹಾರಯಾನಗಳನ್ನೂ ಆರಂಭಿಸಿದವು. ಬ್ರಿಟನ್ನಿನ ಪಿ ಅಂಡ್ ಓ ಸಂಸ್ಥೆಯು 1844ರಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೆ ಇಂತಹ ಪ್ರವಾಸಗಳನ್ನು ಏರ್ಪಡಿಸಿತು. ಆ ವರ್ಷ ಸಂಸ್ಥೆಯ ಉಚಿತ ಟಿಕೆಟ್ಟಿನಲ್ಲಿ ಪಯಣಿಸಿದ, ಕಲ್ಕತ್ತೆಯಲ್ಲಿ ಜನಿಸಿದ್ದ ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ ತನ್ನ ಪ್ರವಾಸಕಥನವನ್ನು 1846ರಲ್ಲಿ ಪ್ರಕಟಿಸಿದನು. 1867ರಲ್ಲಿ ನ್ಯೂಯಾರ್ಕಿನಿಂದ ಹೊರಟ 'ಕ್ವೇಕರ್ ಸಿಟಿ' ಹಡಗಿನ ಯಾನವು ಮಾರ್ಕ್ ಟ್ವೇನ್‌ನ 'ದಿ ಇನ್ನೊಸೆಂಟ್ಸ್ ಅಬ್ರಾಡ್' ಕೃತಿಗೆ ವಸ್ತುವಾಯಿತು.

ಜರ್ಮನಿಯ ಆಲ್ಬರ್ಟ್ ಬಾಲಿನ್ ಚಳಿಗಾಲದಲ್ಲಿ ಕೆಲಸವಿಲ್ಲದೆ ನಿಲ್ಲುತ್ತಿದ್ದ 'ಆಗಸ್ಟಾ ವಿಕ್ಟೋರಿಯಾ' ಹಡಗನ್ನು 1891ರಲ್ಲಿ ಮೆಡಿಟರೇನಿಯನ್ ವಿಹಾರಕ್ಕೆ ಕಳುಹಿಸಿದನು. ವಿಹಾರಕ್ಕೆಂದೇ ನಿರ್ಮಿಸಿದ ಮೊದಲ ಹಡಗು ಎನ್ನಲಾಗುವ 'ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸ್' 1900ರಲ್ಲಿ ನೀರಿಗಿಳಿಯಿತು.

1958ರ ಬಳಿಕ ಜೆಟ್ ವಿಮಾನಗಳು ಅಟ್ಲಾಂಟಿಕ್ ಸಾಗರವನ್ನು ಕೆಲವೇ ಗಂಟೆಗಳಲ್ಲಿ ದಾಟತೊಡಗಿದಾಗ ಸಾಗರದಾಚೆಗೆ ಜನರನ್ನು ಒಯ್ಯುವ ಹಡಗುಗಳಿಗೆ ಬೇಡಿಕೆ ಕುಗ್ಗಿತು. ಉದ್ಯಮವು ವಿಹಾರದತ್ತ ಹೊರಳಿತು. 1966ರಲ್ಲಿ ನಾರ್ವೇಜಿಯನ್ ಕೆರಿಬಿಯನ್ ಲೈನ್, 1968ರಲ್ಲಿ ರಾಯಲ್ ಕೆರಿಬಿಯನ್, 1972ರಲ್ಲಿ ಕಾರ್ನಿವಲ್ ಸಂಸ್ಥೆಗಳು ಹುಟ್ಟಿದವು. ಮಯಾಮಿ ಈ ಉದ್ಯಮದ ರಾಜಧಾನಿಯಾಯಿತು. 1977ರಲ್ಲಿ ಆರಂಭವಾದ 'ದಿ ಲವ್ ಬೋಟ್' ಎಂಬ ಅಮೆರಿಕದ ದೂರದರ್ಶನ ಧಾರಾವಾಹಿಯು ವಿಹಾರ ನೌಕೆಗೆ ಪ್ರಣಯದ ತಾಣವೆಂಬ ಹೆಸರನ್ನು ತಂದುಕೊಟ್ಟಿತು.

## ಇಬ್ಬರ ಲೆಕ್ಕದ ದರ

ವಿಹಾರ ನೌಕೆಯ ಸಾಮರ್ಥ್ಯವನ್ನು ಪ್ರತಿ ಕ್ಯಾಬಿನ್ನಿಗೆ ಇಬ್ಬರಂತೆ ಎಣಿಸುವುದು ರೂಢಿ. 2024ರಲ್ಲಿ ಯಾನ ಆರಂಭಿಸಿದ 'ಐಕಾನ್ ಆಫ್ ದ ಸೀಸ್' ಹಡಗಿನಲ್ಲಿ ಗರಿಷ್ಠ 7,600 ಪ್ರಯಾಣಿಕರು ಇರಬಹುದಾದರೂ ಇಬ್ಬರ ಲೆಕ್ಕದ ಸಾಮರ್ಥ್ಯ 5,610. ದರವನ್ನೂ 'ಇಬ್ಬರು ತಂಗಿದಾಗ ಒಬ್ಬರಿಗೆ' ಎಂದೇ ಪ್ರಕಟಿಸಲಾಗುತ್ತದೆ. ಉದಾಹರಣೆಗೆ, ಒಬ್ಬರಿಗೆ 40,000 ರೂಪಾಯಿ ಎಂದಿದ್ದರೆ ಕ್ಯಾಬಿನ್ನಿನ ನಿಜವಾದ ಬೆಲೆ 80,000 ರೂಪಾಯಿ. ಒಬ್ಬರೇ ತಂಗಿದರೆ ಒಂಟಿ ಪ್ರಯಾಣಿಕರ ಹೆಚ್ಚುವರಿ ಶುಲ್ಕ ಸೇರಿ ಅನೇಕ ವೇಳೆ ಇಬ್ಬರ ದರಕ್ಕೆ ಸಮೀಪದ ಮೊತ್ತವನ್ನು ತೆರಬೇಕಾಗುತ್ತದೆ. ಅದೇ ಕ್ಯಾಬಿನ್ನಿನ ಮೂರನೆಯ ಮತ್ತು ನಾಲ್ಕನೆಯ ವ್ಯಕ್ತಿಗೆ ದರ ಸಾಮಾನ್ಯವಾಗಿ ಕಡಿಮೆ.

ಮೂಲ ದರದಲ್ಲಿ ಕ್ಯಾಬಿನ್, ಮುಖ್ಯ ಭೋಜನಶಾಲೆಯ ಊಟ, ರಂಗಮಂದಿರದ ಕಾರ್ಯಕ್ರಮಗಳು ಮತ್ತು ಈಜುಕೊಳದಂತಹ ಸೌಲಭ್ಯಗಳು ಸೇರುತ್ತವೆ. ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಗೆ ದಿನಕ್ಕೆ ತಲಾ ಇಷ್ಟೆಂದು ವಿಧಿಸುವ ಭಕ್ಷೀಸು, ಮದ್ಯ ಮತ್ತು ತಂಪು ಪಾನೀಯಗಳು, ವಿಶೇಷ ಭೋಜನಶಾಲೆಗಳು, ಅಂತರ್ಜಾಲ, ದಡದ ಪ್ರವಾಸಗಳು ಹಾಗೂ ಬಂದರಿನವರೆಗಿನ ಪ್ರಯಾಣ ಬಹುತೇಕ ಪ್ರತ್ಯೇಕ. ಪಾನೀಯಗಳ ಪ್ಯಾಕೇಜ್ ಕೊಳ್ಳುವಾಗ ಒಂದೇ ಕ್ಯಾಬಿನ್ನಿನ ವಯಸ್ಕರಿಬ್ಬರೂ ಕೊಳ್ಳಬೇಕೆಂಬ ನಿಯಮವನ್ನು ಹಲವು ಸಂಸ್ಥೆಗಳು ಇಟ್ಟಿವೆ. ಇಬ್ಬರಲ್ಲಿ ಒಬ್ಬರು ಮದ್ಯ ಸೇವಿಸದಿದ್ದರೆ ಅದು ನಷ್ಟದ ಬಾಬು. ಈ ಎಲ್ಲ ಬಾಬುಗಳನ್ನು ಸೇರಿಸಿ ಒಟ್ಟು ಮೊತ್ತವನ್ನು ರಾತ್ರಿಗಳ ಸಂಖ್ಯೆಯಿಂದ ಭಾಗಿಸಿದಾಗ ಮಾತ್ರ ಎರಡು ಹಡಗುಗಳ ದರಗಳ ನಡುವೆ ಸರಿಯಾದ ಹೋಲಿಕೆ ಸಾಧ್ಯ.

## ಕ್ಯಾಬಿನ್‌ಗಳು

ಕ್ಯಾಬಿನ್‌ಗಳಲ್ಲಿ ನಾಲ್ಕು ಮುಖ್ಯ ವಿಧಗಳಿವೆ:

* ಒಳಕ್ಯಾಬಿನ್: ಕಿಟಕಿ ಇಲ್ಲದ್ದು, ದರ ಅತಿ ಕಡಿಮೆ.
* ಸಮುದ್ರನೋಟದ ಕ್ಯಾಬಿನ್: ತೆರೆಯಲಾಗದ ಗಾಜಿನ ಕಿಟಕಿಯುಳ್ಳದ್ದು. ಕೆಲವೆಡೆ ಜೀವರಕ್ಷಕ ದೋಣಿಗಳು ನೋಟಕ್ಕೆ ಅಡ್ಡ ಬರುತ್ತವೆ. ಅಂತಹವುಗಳ ದರ ಕಡಿಮೆ.
* ಬಾಲ್ಕನಿ ಕ್ಯಾಬಿನ್: ಹೊರಗೆ ಕೂರಲು ಸ್ವಂತ ಜಾಗವಿರುವುದು.
* ಸೂಟ್: ಪ್ರತ್ಯೇಕ ಹಜಾರ ಅಥವಾ ಹೆಚ್ಚು ವಿಸ್ತಾರವುಳ್ಳದ್ದು.

ಬಹುತೇಕ ಕ್ಯಾಬಿನ್‌ಗಳಲ್ಲಿ ಎರಡು ಒಂಟಿ ಮಂಚಗಳಿದ್ದು, ಕೋರಿಕೆಯ ಮೇರೆಗೆ ಅವನ್ನು ಜೋಡಿಸಿ ಜೋಡಿಮಂಚ ಮಾಡಿಕೊಡಲಾಗುತ್ತದೆ. ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಅಂತಸ್ತುಗಳಲ್ಲಿ ಓಲಾಟ ಕಡಿಮೆ. ಮುಂತುದಿ, ಹಿಂತುದಿ ಮತ್ತು ಮೇಲಿನ ಅಂತಸ್ತುಗಳಲ್ಲಿ ಹೆಚ್ಚು. ವಾಕರಿಕೆಯ ತೊಂದರೆ ಇರುವವರಿಗೆ ಬಾಲ್ಕನಿಗಿಂತ ಕ್ಯಾಬಿನ್ ಇರುವ ಸ್ಥಾನವೇ ಮುಖ್ಯ. ಕ್ಯಾಬಿನ್ ಸಂಖ್ಯೆಯನ್ನು ಸಂಸ್ಥೆಯೇ ಅನಂತರ ಗೊತ್ತುಮಾಡುವ 'ಗ್ಯಾರಂಟಿ' ದರದಲ್ಲಿ ಹಣ ಉಳಿಯುತ್ತದೆ, ಆದರೆ ಸ್ಥಾನವನ್ನು ಆರಿಸಿಕೊಳ್ಳುವ ಅವಕಾಶ ತಪ್ಪುತ್ತದೆ.

## ಮಾರ್ಗ ಮತ್ತು ಋತು

ಅಲಾಸ್ಕ ಮತ್ತು ನಾರ್ವೆಯ ಫ್ಯೋರ್ಡ್‌ಗಳ ಯಾನಗಳು ಮುಖ್ಯವಾಗಿ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ, ಮೆಡಿಟರೇನಿಯನ್ ಯಾನಗಳು ಹೆಚ್ಚಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ನಡೆಯುತ್ತವೆ. ಕೆರಿಬಿಯನ್ನಿನಲ್ಲಿ ವರ್ಷವಿಡೀ ಹಡಗುಗಳಿದ್ದರೂ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆಗ ದರ ಇಳಿಯುತ್ತದೆ, ಮಾರ್ಗ ಬದಲಾಗುವ ಸಂಭವ ಏರುತ್ತದೆ. ಋತು ಬದಲಾದಾಗ ಹಡಗುಗಳು ಒಂದು ಸಮುದ್ರದಿಂದ ಇನ್ನೊಂದಕ್ಕೆ ತೆರಳುವ ಯಾನಗಳಲ್ಲಿ ದಿನವೊಂದರ ದರ ಕಡಿಮೆ. ಅವುಗಳಲ್ಲಿ ಬಂದರುಗಳು ವಿರಳ, ಹಿಂದಿರುಗಲು ವಿಮಾನದ ವೆಚ್ಚ ಬೇರೆ.

ಅಮೆರಿಕದ ಬಂದರುಗಳಿಂದ ಹೊರಟು ಅಲ್ಲಿಗೇ ಮರಳುವ ಅನೇಕ ಯಾನಗಳಲ್ಲಿ ಒಂದಾದರೂ ವಿದೇಶಿ ಬಂದರು ಇರುವುದಕ್ಕೆ 1886ರ ಪ್ರಯಾಣಿಕ ನೌಕಾಸೇವಾ ಕಾಯಿದೆ ಕಾರಣ. ವಿದೇಶಿ ಧ್ವಜದ ಹಡಗುಗಳು ಅಮೆರಿಕದ ಬಂದರುಗಳ ನಡುವೆಯಷ್ಟೇ ಪ್ರಯಾಣಿಕರನ್ನು ಒಯ್ಯುವುದನ್ನು ಅದು ನಿರ್ಬಂಧಿಸುತ್ತದೆ. ದೊಡ್ಡ ವಿಹಾರ ನೌಕೆಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮ ಮೊದಲಾದ ದೇಶಗಳಲ್ಲಿ ನೋಂದಣಿಯಾಗಿವೆ.

## ಕಾಯ್ದಿರಿಸುವಿಕೆ ಮತ್ತು ರದ್ದತಿ

ಟಿಕೆಟ್‌ಗಳನ್ನು ಸಂಸ್ಥೆಯಿಂದ ನೇರವಾಗಿ ಅಥವಾ ಪ್ರವಾಸಿ ಏಜೆಂಟರ ಮೂಲಕ ಕೊಳ್ಳಬಹುದು. ಜನವರಿಯಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ ಸಂಸ್ಥೆಗಳು ರಿಯಾಯಿತಿಗಳನ್ನು ಪ್ರಕಟಿಸುವುದು ವಾಡಿಕೆ. ಆರಂಭದಲ್ಲಿ ಮುಂಗಡ ಹಣವನ್ನೂ, ಯಾನಕ್ಕೆ ಎರಡು ಮೂರು ತಿಂಗಳ ಮೊದಲು ಉಳಿದ ಹಣವನ್ನೂ ಸಲ್ಲಿಸಬೇಕಾಗುತ್ತದೆ. ಅಂತಿಮ ಪಾವತಿಯ ದಿನ ಕಳೆದ ಮೇಲೆ ರದ್ದತಿಯ ದಂಡವು ಹಂತಹಂತವಾಗಿ ಏರಿ, ಕೊನೆಯ ದಿನಗಳಲ್ಲಿ ಪೂರ್ಣ ದರವನ್ನೇ ಮುಟ್ಟುತ್ತದೆ. ಕೆಲವು ಅಗ್ಗದ ದರಗಳಲ್ಲಿ ಮುಂಗಡವೂ ಹಿಂದಿರುಗುವುದಿಲ್ಲ.

ಇಬ್ಬರಲ್ಲಿ ಒಬ್ಬರು ಮಾತ್ರ ಪ್ರಯಾಣ ಕೈಬಿಡಬೇಕಾಗಿ ಬಂದರೆ ಸಮಸ್ಯೆ ಜಟಿಲವಾಗುತ್ತದೆ. ಕೈಬಿಟ್ಟವರಿಗೆ ರದ್ದತಿಯ ದಂಡ ಬೀಳುತ್ತದೆ. ಹೊರಡುವವರು ಒಂಟಿ ಪ್ರಯಾಣಿಕರಾಗಿ ಪರಿಗಣಿತರಾಗಿ ಹೆಚ್ಚುವರಿ ಶುಲ್ಕ ತೆರಬೇಕಾಗಬಹುದು. ಪ್ರವಾಸ ವಿಮೆಯ ಪತ್ರದಲ್ಲಿ ಈ ಸಂದರ್ಭ, ಮನೆಯಲ್ಲಿ ಉಳಿದ ಹಿರಿಯರ ಕಾಯಿಲೆ, ಮೊದಲೇ ಇರುವ ರೋಗಗಳು ಮತ್ತು ಸಮುದ್ರದಿಂದ ಆಸ್ಪತ್ರೆಗೆ ಸಾಗಿಸುವ ವೆಚ್ಚ ಸೇರಿವೆಯೇ ಎಂಬುದು ಮುಖ್ಯ. ಹಡಗಿನ ವೈದ್ಯರ ಸೇವೆಗೆ ಸ್ಥಳದಲ್ಲಿಯೇ ಹಣ ಕೊಟ್ಟು ಅನಂತರ ವಿಮೆಯಿಂದ ಪಡೆಯುವುದು ಸಾಮಾನ್ಯ ಪದ್ಧತಿ. ಯಾನದ ಅವಧಿಯಲ್ಲಿ ಗರ್ಭಧಾರಣೆಯ 24ನೆಯ ವಾರಕ್ಕೆ ಕಾಲಿಡುವ ಮಹಿಳೆಯರನ್ನು ಬಹುತೇಕ ಸಂಸ್ಥೆಗಳು ಹಡಗಿಗೆ ಹತ್ತಿಸುವುದಿಲ್ಲ.

ಟಿಕೆಟ್ ಕೊಂಡವರು ಅದರ ಷರತ್ತುಗಳಿಗೂ ಬದ್ಧರಾಗುತ್ತಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ದಂಪತಿ ಏಜೆಂಟರ ಮೂಲಕ ಕಾರ್ನಿವಲ್ ಸಂಸ್ಥೆಯ ಯಾನವೊಂದಕ್ಕೆ ಹಣ ಕಟ್ಟಿದ್ದರು. ಮೆಕ್ಸಿಕೋ ತೀರದ ಬಳಿ ಹಡಗಿನ ಅಡುಗೆಮನೆಯನ್ನು ನೋಡುವಾಗ ಪತ್ನಿ ಜಾರಿ ಬಿದ್ದು ಗಾಯಗೊಂಡರು. ಅವರು ತಮ್ಮ ರಾಜ್ಯದಲ್ಲಿಯೇ ಮೊಕದ್ದಮೆ ಹೂಡಿದರು. ವ್ಯಾಜ್ಯಗಳು ಫ್ಲಾರಿಡಾದ ನ್ಯಾಯಾಲಯಗಳಲ್ಲಿಯೇ ನಡೆಯಬೇಕೆಂದು ಟಿಕೆಟ್ಟಿನಲ್ಲಿ ಮುದ್ರಿಸಿದ್ದ ಷರತ್ತನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಎತ್ತಿಹಿಡಿಯಿತು. ಬಂದರನ್ನು ಬಿಟ್ಟುಬಿಡುವ ಅಥವಾ ಮಾರ್ಗ ಬದಲಿಸುವ ಅಧಿಕಾರವನ್ನೂ ಸಂಸ್ಥೆಗಳು ಇಂತಹ ಷರತ್ತುಗಳ ಮೂಲಕವೇ ಉಳಿಸಿಕೊಂಡಿರುತ್ತವೆ.

## ದಾಖಲೆಗಳು

ಭಾರತೀಯ ಪ್ರಯಾಣಿಕರಿಗೆ ವಿದೇಶಿ ಯಾನಗಳಲ್ಲಿ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಮತ್ತು ಆಯಾ ದೇಶಗಳ ವೀಸಾ ಬೇಕು. ಹಡಗು ಒಂದು ದೇಶವನ್ನು ಬಿಟ್ಟು ಮತ್ತೆ ಅಲ್ಲಿಗೇ ಮರಳಿದರೆ ಅದು ಎರಡನೆಯ ಪ್ರವೇಶ. ಆದ್ದರಿಂದ ಸಿಂಗಪುರದಿಂದ ಹೊರಟು ಅಲ್ಲಿಗೇ ಹಿಂದಿರುಗುವ ಯಾನಕ್ಕೂ, ಷೆಂಗೆನ್ ದೇಶಗಳಿಂದ ಹೊರಹೋಗಿ ಮರಳುವ ಯಾನಕ್ಕೂ ಹಲವು ಬಾರಿ ಪ್ರವೇಶಿಸಬಹುದಾದ ವೀಸಾ ಅಗತ್ಯ. ಟಿಕೆಟ್ಟಿನಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಬೇಕು. ಕರ್ನಾಟಕದ ಅನೇಕರ ಹೆಸರಿನಲ್ಲಿ ಊರು ಮತ್ತು ತಂದೆಯ ಹೆಸರು ಕೇವಲ ಇನಿಷಿಯಲ್‌ಗಳಾಗಿದ್ದು ಪಾಸ್‌ಪೋರ್ಟ್‌ನಲ್ಲಿ ವಿಸ್ತಾರಗೊಂಡಿರುವುದರಿಂದ, ಮದುವೆಯ ನಂತರ ಪತ್ನಿಯ ಹೆಸರು ಬದಲಾಗಿರುವ ಸಂದರ್ಭಗಳೂ ಇರುವುದರಿಂದ ಇದಕ್ಕೆ ವಿಶೇಷ ಮಹತ್ವವಿದೆ. ಭಾರತದಲ್ಲಿ ಕೊಳ್ಳುವ ವಿದೇಶ ಪ್ರವಾಸದ ಪ್ಯಾಕೇಜುಗಳ ಮೇಲೆ ಮೂಲದಲ್ಲಿಯೇ ಸಂಗ್ರಹಿಸುವ ತೆರಿಗೆಯನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಿಸಿಕೊಳ್ಳಲು ಅವಕಾಶವಿದೆ.

## ಹಡಗಿನಲ್ಲಿ ಮತ್ತು ಬಂದರಿನಲ್ಲಿ

ಹಡಗು ನಿಗದಿತ ಸಮಯಕ್ಕೆ ಹೊರಡುತ್ತದೆ. ಆದ್ದರಿಂದ ಹೊರಡುವ ಬಂದರಿಗೆ ಒಂದು ದಿನ ಮುಂಚೆಯೇ ತಲುಪುವ ರೂಢಿ ಬೆಳೆದಿದೆ. ಹಡಗಿನ ಗಡಿಯಾರವೂ ಬಂದರಿನ ಗಡಿಯಾರವೂ ಭಿನ್ನವಾಗಿರಬಹುದು. ಮರಳುವ ವೇಳೆಯನ್ನು ಹಡಗಿನ ಪ್ರಕಟಣೆಯಂತೆ ಪಾಲಿಸಬೇಕು. ಸಂಸ್ಥೆಯೇ ಏರ್ಪಡಿಸಿದ ದಡದ ಪ್ರವಾಸ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಸ್ವಂತವಾಗಿ ತಿರುಗಾಡಲು ಹೋದವರಿಗೆ ಈ ಭರವಸೆ ಇಲ್ಲ, ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿಯೇ ತಲುಪಬೇಕಾಗುತ್ತದೆ. ಹಡಗಿನಲ್ಲಿ ನಗದಿನ ಬದಲು ಕ್ಯಾಬಿನ್ನಿನ ಖಾತೆಗೆ ಖರ್ಚು ಬರೆಯುವ ಪದ್ಧತಿ ಇದೆ. ಸಮುದ್ರದಲ್ಲಿ ಹಡಗಿನದೇ ಮೊಬೈಲ್ ಜಾಲಕ್ಕೆ ಸೇರಿಕೊಂಡ ದೂರವಾಣಿಗೆ ದುಬಾರಿ ಶುಲ್ಕ ಬೀಳುವುದರಿಂದ ಅದನ್ನು ವಿಮಾನ ಮೋಡ್‌ನಲ್ಲಿ ಇಡಲು ಸೂಚಿಸಲಾಗುತ್ತದೆ.

## ಸುರಕ್ಷತೆ ಮತ್ತು ಆರೋಗ್ಯ

1912ರ ಟೈಟಾನಿಕ್ ದುರಂತದ ಪರಿಣಾಮವಾಗಿ 1914ರಲ್ಲಿ ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ ರೂಪುಗೊಂಡಿತು. ಅದರ 1974ರ ಆವೃತ್ತಿ ತಿದ್ದುಪಡಿಗಳೊಂದಿಗೆ ಈಗ ಜಾರಿಯಲ್ಲಿದೆ. 2012ರ ಜನವರಿ 13ರಂದು 'ಕೋಸ್ಟಾ ಕಾಂಕಾರ್ಡಿಯಾ' ಹಡಗು ಇಟಲಿಯ ಜಿಲಿಯೊ ದ್ವೀಪದ ಬಳಿ ಬಂಡೆಗೆ ಬಡಿದು 32 ಮಂದಿ ಸತ್ತರು. ತುರ್ತು ಅಭ್ಯಾಸವನ್ನು ಪ್ರಯಾಣಿಕರು ಹತ್ತಿದ 24 ಗಂಟೆಗಳೊಳಗೆ ನಡೆಸಿದರೆ ಸಾಕೆಂಬ ನಿಯಮ ಆಗ ಇದ್ದುದರಿಂದ, ಅದೇ ದಿನ ಹತ್ತಿದ್ದ ನೂರಾರು ಜನರಿಗೆ ಆ ಅಭ್ಯಾಸ ಇನ್ನೂ ಆಗಿರಲಿಲ್ಲ. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅಭ್ಯಾಸ ನಡೆಸುವುದು ಕಡ್ಡಾಯವಾಗಿದೆ. ಏಳು ಗಿಡ್ಡ ಮತ್ತು ಒಂದು ಉದ್ದನೆಯ ಸದ್ದು ತುರ್ತು ಸಂಕೇತ. ಅದು ಕೇಳಿದಾಗ ಪ್ರಯಾಣಿಕರು ತಮಗೆ ಗೊತ್ತುಮಾಡಿದ ಸ್ಥಳದಲ್ಲಿ ಕೂಡಬೇಕು. ಗಂಡ ಹೆಂಡತಿ ಬೇರೆ ಬೇರೆ ಕಡೆ ಇದ್ದರೆ ಒಬ್ಬರನ್ನೊಬ್ಬರು ಹುಡುಕುತ್ತ ಅಲೆಯುವ ಬದಲು ಇಬ್ಬರೂ ಅಲ್ಲಿಗೇ ತಲುಪುವುದು ಕ್ಷೇಮಕರ.

ಮುಚ್ಚಿದ ಪರಿಸರದಲ್ಲಿ ಸಾಂಕ್ರಾಮಿಕ ರೋಗಗಳು ಬೇಗ ಹರಡುತ್ತವೆ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮದಲ್ಲಿ ಪ್ರತ್ಯೇಕವಾಗಿ ಇರಿಸಿದ 'ಡೈಮಂಡ್ ಪ್ರಿನ್ಸೆಸ್' ಹಡಗಿನ 3,711 ಜನರಲ್ಲಿ 700ಕ್ಕೂ ಹೆಚ್ಚು ಮಂದಿಗೆ ಕೋವಿಡ್ ಸೋಂಕು ತಗುಲಿತು; ಭಾರತೀಯ ಸಿಬ್ಬಂದಿಯೂ ಆ ಹಡಗಿನಲ್ಲಿದ್ದರು. ವಾಂತಿಭೇದಿ ಉಂಟುಮಾಡುವ ನೊರೊವೈರಸ್ ಹಡಗುಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಊಟಕ್ಕೆ ಮುನ್ನ ಸೋಪು ಮತ್ತು ನೀರಿನಿಂದ ಕೈತೊಳೆಯುವುದು ಅದಕ್ಕೆ ಮುಖ್ಯ ತಡೆ.

## ಭಾರತದಲ್ಲಿ

ಕೊಚ್ಚಿಯಿಂದ ಹೊರಡುವ 'ಎಂ.ವಿ. ಕವರತ್ತಿ' ಹಡಗಿನಲ್ಲಿ ಲಕ್ಷದ್ವೀಪ ಆಡಳಿತವು ನಡೆಸುವ 'ಸಮುದ್ರಂ' ಪ್ರವಾಸವು ಕವರತ್ತಿ, ಕಲ್ಪೇನಿ ಮತ್ತು ಮಿನಿಕಾಯ್ ದ್ವೀಪಗಳನ್ನು ಒಳಗೊಂಡಿದೆ. ಲಕ್ಷದ್ವೀಪ ಪ್ರವೇಶಕ್ಕೆ ಅನುಮತಿ ಪತ್ರ ಬೇಕು. ಕಾರ್ಡೇಲಿಯಾ ಕ್ರೂಸಸ್ 2021ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯಿಂದ ಯಾನ ಆರಂಭಿಸಿತು. ಅದರ 'ಎಂಪ್ರೆಸ್' 1990ರಲ್ಲಿ 'ನಾರ್ಡಿಕ್ ಎಂಪ್ರೆಸ್' ಎಂಬ ಹೆಸರಿನಲ್ಲಿ ಸೇವೆಗೆ ಬಂದ ಹಡಗು. 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟ 'ಗಂಗಾ ವಿಲಾಸ್' ನದಿನೌಕೆಯು ಬಾಂಗ್ಲಾದೇಶದ ಮೂಲಕ ಅಸ್ಸಾಮಿನ ದಿಬ್ರುಗಢದವರೆಗೆ ಸುಮಾರು 3,200 ಕಿ.ಮೀ. ದೂರದ 51 ದಿನಗಳ ಯಾನಕ್ಕೆ ಹೆಸರಾಯಿತು. ಅದರಲ್ಲಿ 18 ಸೂಟ್‌ಗಳಿದ್ದು ಸಾಮರ್ಥ್ಯ 36 ಪ್ರಯಾಣಿಕರು. ಕೇಂದ್ರ ಸರ್ಕಾರವು 2024ರ ಸೆಪ್ಟೆಂಬರ್‌ನಲ್ಲಿ 'ಕ್ರೂಸ್ ಭಾರತ್ ಮಿಷನ್' ಪ್ರಕಟಿಸಿತು.

ಕರ್ನಾಟಕದ ನವಮಂಗಳೂರು ಬಂದರಿಗೆ ಮಳೆಗಾಲ ಕಳೆದ ತಿಂಗಳುಗಳಲ್ಲಿ ವಿದೇಶಿ ವಿಹಾರ ನೌಕೆಗಳು ಬರುತ್ತವೆ. ಹಗಲು ಹೊತ್ತಿನ ತಂಗುವಿಕೆಯಲ್ಲಿ ಪ್ರವಾಸಿಗರು ಕದ್ರಿ ಮತ್ತು ಕುದ್ರೋಳಿಯ ದೇವಾಲಯಗಳು, ಸಂತ ಅಲೋಶಿಯಸ್ ಚಾಪೆಲ್, ಗೇರುಬೀಜ ಕಾರ್ಖಾನೆಗಳು ಹಾಗೂ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿ ಸಂಜೆ ಹಡಗಿಗೆ ಮರಳುತ್ತಾರೆ.

## ಪರಿಸರ

ಹಡಗುಗಳ ಹೊಗೆ, ತ್ಯಾಜ್ಯ ಮತ್ತು ಒಂದೇ ದಿನ ಸಾವಿರಾರು ಜನ ಬಂದಿಳಿಯುವುದರಿಂದ ಸಣ್ಣ ಊರುಗಳ ಮೇಲೆ ಬೀಳುವ ಒತ್ತಡ ಟೀಕೆಗೆ ಗುರಿಯಾಗಿವೆ. 2020ರಿಂದ ಹಡಗು ಇಂಧನದಲ್ಲಿನ ಗಂಧಕದ ಜಾಗತಿಕ ಮಿತಿಯನ್ನು ಶೇ. 0.5ಕ್ಕೆ ಇಳಿಸಲಾಗಿದೆ. 2021ರ ಆಗಸ್ಟ್‌ನಿಂದ ವೆನಿಸ್ ನಗರದ ಜ್ಯುದೆಕ್ಕಾ ಕಾಲುವೆಯಲ್ಲಿ ದೊಡ್ಡ ವಿಹಾರ ನೌಕೆಗಳ ಸಂಚಾರವನ್ನು ನಿಷೇಧಿಸಲಾಗಿದೆ. 'ವೆನಿಸ್' ಎಂದು ಪ್ರಕಟವಾಗುವ ಕೆಲವು ಯಾನಗಳು ಈಗ ರವೆನ್ನಾ ಅಥವಾ ತ್ರಿಯೆಸ್ತೆ ಬಂದರಿನಿಂದ ನಡೆಯುತ್ತಿದ್ದು, ನಗರಕ್ಕೆ ಹೋಗುವವರು ಅಲ್ಲಿಂದ ನೆಲಮಾರ್ಗದಲ್ಲಿ ಸಾಗಬೇಕಾಗುತ್ತದೆ.