ಆರ್ಗ್ಯುಮೆಂಟ್ ಆಗಿ ಫಂಕ್ಷನ್

ಒಂದು ಫಂಕ್ಷನ್ನನ್ನು ಅಲ್ಲೇ ಓಡಿಸದೆ, ಅದನ್ನೇ ಇನ್ನೊಂದು ಫಂಕ್ಷನ್ನಿನ ಕೈಗೆ ಒಪ್ಪಿಸುವ ಕ್ರಮ. ಗಿಡೋ ವಾನ್ ರೋಸಮ್ 1991ರಲ್ಲಿ ಬಿಡುಗಡೆ ಮಾಡಿದ ಪೈಥಾನ್‌ನಲ್ಲಿ ಫಂಕ್ಷನ್ನೂ ಒಂದು ಆಬ್ಜೆಕ್ಟ್. ಸಂಖ್ಯೆ, ಪಟ್ಟಿಗಳ ಹಾಗೆ ಅದನ್ನೂ ಕಳಿಸಬಹುದು. ನೇಕಾರರ ಊರಾದ ರಬಕವಿ-ಬನಹಟ್ಟಿಯಲ್ಲಿ ಇದನ್ನು ಜಕಾರ್ಡ್ ಯಂತ್ರದಿಂದ ವಿವರಿಸಬಹುದು: ಮಗ್ಗ ಅದೇ, ತೂತಿನ ಕಾರ್ಡುಗಳ ಸರ ಬದಲಾದರೆ ವಿನ್ಯಾಸವೇ ಬೇರೆ.

ಬಾಗಲಕೋಟೆ ಜಿಲ್ಲೆಯ ರಬಕವಿ, ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಎಂಬ ಪಟ್ಟಿಯನ್ನು ಪೈಥಾನ್‌ನ ವಿಂಗಡಿಸುವ ಫಂಕ್ಷನ್ ಆದ ‘ಸಾರ್ಟೆಡ್’ಗೆ ಕೊಟ್ಟರೆ ಯುನಿಕೋಡ್ ಕ್ರಮದಲ್ಲಿ ಜಮಖಂಡಿ ಮೊದಲು, ರಬಕವಿ ಕೊನೆಗೆ ಬರುತ್ತದೆ. ಉದ್ದದ ಪ್ರಕಾರ ಬೇಕಾದರೆ, 2004ರ 2.4ನೇ ಆವೃತ್ತಿಯಲ್ಲಿ ಸೇರಿದ ‘ಕೀ’ ಆರ್ಗ್ಯುಮೆಂಟಿಗೆ ‘ಲೆನ್’ ಫಂಕ್ಷನ್ ಕೊಡಬೇಕು. ಆದರೆ ಪೈಥಾನ್ 3ರ ಲೆನ್ ಎಣಿಸುವುದು ಯುನಿಕೋಡ್ ಸಂಕೇತಗಳನ್ನು. ಕಾಗುಣಿತದ ಗುರುತು, ಅನುಸ್ವಾರ, ಒತ್ತಕ್ಷರ ಕೂಡಿಸುವ ಚಿಹ್ನೆ ಎಲ್ಲಕ್ಕೂ ಪ್ರತ್ಯೇಕ ಲೆಕ್ಕ. ರಬಕವಿ, ಮುಧೋಳ ಎರಡಕ್ಕೂ 5, ಬನಹಟ್ಟಿಗೆ 7. ಕನ್ನಡಿಗರ ಎಣಿಕೆಯಲ್ಲಿ ರಬಕವಿಗೂ ಬನಹಟ್ಟಿಗೂ 4 ಅಕ್ಷರ, ಮುಧೋಳಕ್ಕೆ 3. ಹಾಗಾಗಿ ಅಕ್ಷರ ಎಣಿಸುವ ಫಂಕ್ಷನ್ನನ್ನು ನಾವೇ ಬರೆದು ಲೆನ್ ಜಾಗದಲ್ಲಿ ಕೊಟ್ಟರೆ ಸಾಕು, ವಿಂಗಡಿಸುವ ಕೋಡನ್ನು ಮುಟ್ಟಬೇಕಾಗಿಲ್ಲ. ಕನ್ನಡದ ಮಟ್ಟಿಗೆ ಈ ಸೌಲಭ್ಯದ ನಿಜವಾದ ಬೆಲೆ ಇದೇ.

ಕಳಿಸುವಾಗ ಹೆಸರಿನ ಮುಂದೆ ಆವರಣ ಹಾಕಬಾರದು. ಹಾಕಿದರೆ ಫಂಕ್ಷನ್ ಅಲ್ಲೇ ಓಡಿ, ಅದರ ಉತ್ತರ ಮಾತ್ರ ಹೋಗುತ್ತದೆ. ರೂಬಿಯಲ್ಲಿ ಆವರಣವಿಲ್ಲದೆಯೂ ಮೆಥಡ್ ಓಡುವುದರಿಂದ ಬ್ಲಾಕ್ ಅಥವಾ ಪ್ರಾಕ್ ಬಳಸುವುದು ರೂಢಿ. ಪೈಥಾನ್‌ನಲ್ಲಿ ಒಂದು ಆಬ್ಜೆಕ್ಟಿನ ಮೆಥಡ್ ಕಳಿಸಿದರೆ ಆ ಆಬ್ಜೆಕ್ಟೂ ಜೊತೆಗೆ ಹೋಗುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಹಾಗಾಗದು, ‘ಬೈಂಡ್’ ಮಾಡಿ ಕಳಿಸಬೇಕು.